ಲಿಪಿಕಾರನ ಕೈ

ನಮ್ಮ ಕಾವ್ಯವಿಮರ್ಶೆಯಲ್ಲಿ ಕವಿಯ ಹೃದಯಕ್ಕೆ ಸ್ಥಾನವುಂಟು, ಪ್ರತಿಭೆಗೆ ಉಂಟು, ನಾಲಗೆಗೂ ಉಂಟು; ಕೈಗೆ ಮಾತ್ರ ಇಲ್ಲ. ಸರಸ್ವತಿ ಕವಿಯ ನಾಲಗೆಯ ಮೇಲೆ ನೆಲಸಿದಳೆಂದು ಹಿಂದಿನವರು ಹೇಳಿದರು. ಹಾಡು ಎದೆಯಿಂದ ಹೊಮ್ಮಿತೆಂದು ನವೋದಯದವರು ಹೇಳಿದರು. ನಾಲಗೆಯಿಂದಲೋ ಎದೆಯಿಂದಲೋ ಹೊರಟದ್ದು ಓಲೆಯ ಮೇಲೆ ಇಳಿಯಬೇಕಾದರೆ ನಡುವೆ ಒಂದು ಹೆಗಲು, ಒಂದು ತೋಳು, ಒಂದು ಮಣಿಕಟ್ಟು, ಐದು ಬೆರಳು ದುಡಿಯಬೇಕಷ್ಟೆ. ಅಚ್ಚುಮನೆಗಳು ಬರುವ ತನಕ ನಮ್ಮ ಗ್ರಂಥಗಳನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ್ದು ಇಂಥ ಕೈಗಳೇ. ಆ ಕೈ ನೊಂದಿತೆ? ನೊಂದಿದ್ದರೆ ಆ ನೋವಿಗೆ ನಮ್ಮ ಸಾಹಿತ್ಯದಲ್ಲಿ ದನಿಯುಂಟೆ? ವಿಮರ್ಶಕನು ಕೇಳತಕ್ಕ ಪ್ರಶ್ನೆಯೇ ಇದು ಎಂದು ಕೆಲವರಿಗೆ ಅನ್ನಿಸಬಹುದು. ಉತ್ತರವಿರುವುದು ಮಾತ್ರ ಗ್ರಂಥಗಳಲ್ಲೇ, ನಾವು ಓದದೆ ಮುಚ್ಚಿಡುವ ಕೊನೆಯ ಗರಿಯಲ್ಲಿ.

ಹಸ್ತಪ್ರತಿಗಳ ಪರಿಚಯವಿದ್ದವರೆಲ್ಲ ಬಲ್ಲ ಎರಡು ಸಂಸ್ಕೃತ ಶ್ಲೋಕಗಳುಂಟು. ಭರತಖಂಡದ ನಾನಾ ಕಡೆಗಳ ಪ್ರತಿಗಳ ಕೊನೆಯಲ್ಲಿ ಇವು ಅಲ್ಪಸ್ವಲ್ಪ ಪಾಠಾಂತರಗಳೊಡನೆ ಸಿಕ್ಕುತ್ತವೆ. ಒಂದರಲ್ಲಿ ಲಿಪಿಕಾರನು ತನ್ನ ಬೆನ್ನು, ಸೊಂಟ, ಕತ್ತುಗಳು ಮುರಿದ ಕಥೆಯನ್ನು ಹೇಳುತ್ತಾನೆ; ನೆಟ್ಟ ದೃಷ್ಟಿ, ಬಾಗಿದ ಮೋರೆಗಳನ್ನು ಸೇರಿಸುತ್ತಾನೆ; ಇಷ್ಟು ಕಷ್ಟದಿಂದ ಬರೆದ ಗ್ರಂಥವನ್ನು ಜತನದಿಂದ ಕಾಪಾಡಿರೆಂದು ಬೇಡುತ್ತಾನೆ. ಕೆಲವು ಪಾಠಗಳಲ್ಲಿ ಬಿಗಿದ ಮುಷ್ಟಿಯ ಮಾತೂ ಬರುತ್ತದೆ. ಇನ್ನೊಂದರಲ್ಲಿ ಅವನು, ಮೂಲದಲ್ಲಿ ಕಂಡದ್ದನ್ನು ಕಂಡ ಹಾಗೆಯೇ ಬರೆದಿದ್ದೇನೆ, ತಪ್ಪೋ ಒಪ್ಪೋ ದೋಷವನ್ನು ತನ್ನ ಮೇಲೆ ಹೊರಿಸಬಾರದು ಎಂದು ಕೇಳಿಕೊಳ್ಳುತ್ತಾನೆ. ಗ್ರಂಥಸಂಪಾದಕರಿಗೆ ಇವು ಕಾಲನಿರ್ಣಯಕ್ಕೆ ಬಾರದ ಮಾತುಗಳು. ವಿಮರ್ಶಕರಿಗೆ ಇವು ಕವಿಯ ಮಾತುಗಳೇ ಅಲ್ಲ. ಹೀಗೆ ಇಬ್ಬರಿಗೂ ಬೇಡವಾಗಿ ಉಳಿದಿವೆ.

ಇದೊಂದು ರೂಢಿಯ ಮಾತು, ಎಲ್ಲರೂ ಬರೆಯುತ್ತಿದ್ದರು, ಇವನೂ ಬರೆದ. ಇದರಲ್ಲಿ ಅನುಭವವೇನು ಬಂತು ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪ ನ್ಯಾಯವಾದದ್ದೆ. ಆದರೆ ರೂಢಿಯ ಮಾತೆಲ್ಲ ಪೊಳ್ಳೆಂದು ತಿಳಿಯಬೇಕಾದ್ದಿಲ್ಲ. ಒಂದು ಊರಿನ ಒಂದು ಕಾಲದ ಲಿಪಿಕಾರನ ಶ್ಲೋಕ ಬೇರೆ ಊರುಗಳಿಗೂ ಬೇರೆ ಶತಮಾನಗಳಿಗೂ ಹಬ್ಬಿದ್ದರೆ, ಅದನ್ನು ಎತ್ತಿಕೊಂಡವರೆಲ್ಲ ತಮ್ಮ ಮೈಗೆ ಸರಿಹೊಂದುವ ಅಂಗಿಯೆಂದೇ ಅದನ್ನು ತೊಟ್ಟಿರಬೇಕು. ಬೇರೆ ಮಾತನ್ನು ಹುಡುಕುವಷ್ಟು ಬಲ ಕೈಯಲ್ಲಿ ಉಳಿದಿರದೆ ಇದ್ದುದೂ ಉಂಟೇನೊ!

ಈ ಶ್ಲೋಕಗಳಿಗೆ ತಕ್ಕ ವ್ಯಾಖ್ಯಾನ ನನಗೆ ದೊರೆತದ್ದು ಅಲಂಕಾರಶಾಸ್ತ್ರದಲ್ಲಿ ಅಲ್ಲ, ಇಟಲಿಯ ವೈದ್ಯನೊಬ್ಬನ ಪುಸ್ತಕದಲ್ಲಿ. ಬರ್ನಾರ್ಡಿನೊ ರಾಮಾಝಿನಿ (1633-1714) ಕಸುಬುದಾರರ ರೋಗಗಳನ್ನು ಕುರಿತು 1700ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥವನ್ನು ಬರೆದ. 1713ರಲ್ಲಿ ಅದನ್ನು ಹಿಗ್ಗಿಸಿ ಮತ್ತೆ ಪ್ರಕಟಿಸಿದ. ರೋಗಿಯನ್ನು ವೈದ್ಯನು ಕೇಳಬೇಕಾದ ಪ್ರಶ್ನೆಗಳ ಜೊತೆಗೆ ‘ನಿನ್ನ ಕಸುಬೇನು?’ ಎಂಬುದನ್ನೂ ಸೇರಿಸಬೇಕೆಂದವನು ಅವನು. ಬರವಣಿಗೆಯವರ ರೋಗಕ್ಕೆ ಅವನು ಮೂರು ಕಾರಣಗಳನ್ನು ಕೊಡುತ್ತಾನೆ: ಸದಾ ಕುಳಿತಿರುವುದು ಒಂದು, ಕೈ ಒಂದೇ ಬಗೆಯಲ್ಲಿ ಬಿಡುವಿಲ್ಲದೆ ಚಲಿಸುವುದು ಎರಡು, ತಪ್ಪು ಬಿದ್ದೀತೆಂಬ, ಧಣಿಗೆ ನಷ್ಟವಾದೀತೆಂಬ ಚಿಂತೆಯಲ್ಲಿ ಮನಸ್ಸು ಬಿಗಿದಿರುವುದು ಮೂರು. ನಮ್ಮ ಲಿಪಿಕಾರನ ಎರಡು ಶ್ಲೋಕಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮುರಿದ ಸೊಂಟದಲ್ಲಿ ಮೊದಲನೆಯ ಕಾರಣವಿದೆ, ಬಿಗಿದ ಮುಷ್ಟಿಯಲ್ಲಿ ಎರಡನೆಯದಿದೆ, ದೋಷ ಹೊರಿಸಬೇಡಿರೆಂಬ ಮೊರೆಯಲ್ಲಿ ಮೂರನೆಯದಿದೆ. ಎರಡನೆಯ ಶ್ಲೋಕವನ್ನು ನಾವು ಜಾರಿಕೊಳ್ಳುವವನ ಮಾತೆಂದು ನಗುತ್ತ ಓದುತ್ತೇವೆ. ಮೊದಲನೆಯದರೊಡನೆ ಸೇರಿಸಿ ಓದಿದರೆ, ಅದು ಹೆದರಿದವನ ಮಾತು. ಆ ಹೆದರಿಕೆ ರಟ್ಟೆಗೂ ಇಳಿದಿರುತ್ತದೆ.

ತನಗೆ ಪರಿಚಯವಿದ್ದ ಒಬ್ಬ ಬರವಣಿಗೆಯವನ ಕಥೆಯನ್ನೂ ರಾಮಾಝಿನಿ ಹೇಳಿದ್ದಾನೆ. ಜೀವನವೆಲ್ಲ ಬರೆದು ಅವನ ಬಲದೋಳು ಮೊದಲು ಸೋತಿತು, ಔಷಧಿ ನಾಟಲಿಲ್ಲ, ಕೊನೆಗೆ ತೋಳಿನ ಶಕ್ತಿಯೇ ಉಡುಗಿತು. ಅವನು ಎಡಗೈಯಲ್ಲಿ ಬರೆಯುವುದನ್ನು ಕಲಿತ. ಕೆಲವು ಕಾಲದಲ್ಲಿ ಎಡಗೈಗೂ ಅದೇ ರೋಗ ಬಂತು. ವೈದ್ಯನು ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸಿರುವ ಈ ಕಥೆಯಲ್ಲಿ ಒಂದು ಕಾದಂಬರಿಗೆ ಸಾಲುವಷ್ಟು ದುಃಖವಿದೆ.

ಇಂದಿನ ವೈದ್ಯರ ವಿವರಣೆ ಇದಕ್ಕಿಂತ ಸೂಕ್ಷ್ಮವಾದದ್ದು. ಬೆರಳನ್ನು ಬಲವಾಗಿ ಮಡಿಸುವ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಅಲ್ಲಿಂದ ಹುರಿಗಳಂಥ 9 ರಜ್ಜುಗಳು ಮಣಿಕಟ್ಟಿನ ಒಂದು ಇಕ್ಕಟ್ಟಾದ ಓಣಿಯಲ್ಲಿ ಹಾದು ಬೆರಳಿಗೆ ಬರುತ್ತವೆ. ಅದೇ ಓಣಿಯಲ್ಲಿ ಒಂದು ನರವೂ ಇದೆ. ಒಂದೇ ಚಲನೆ ಸಾವಿರ ಸಲ ನಡೆದು ಬಿಡುವು ದೊರೆಯದಿದ್ದರೆ ರಜ್ಜುಗಳೂ ಅವುಗಳ ಹೊದಿಕೆಯೂ ನೋಯುತ್ತವೆ. ಓಣಿಯೊಳಗೆ ಊತ ಬಂದರೆ ನರ ನಲುಗಿ ಬೆರಳು ಜೋಮು ಹಿಡಿಯುತ್ತದೆ. ಹೊರಗೆ ಗಾಯವಿಲ್ಲ, ರಕ್ತವಿಲ್ಲ. ಒಂದೊಂದು ಸಲದ ಕೆಲಸವೂ ಹಗುರವೇ. ಆದ್ದರಿಂದಲೇ ನೋಡಿದವರು ನಂಬುವುದಿಲ್ಲ, ನೊಂದವನಿಗೂ ಹೇಳಿಕೊಳ್ಳಲು ಸಂಕೋಚ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕುಮಾರವ್ಯಾಸನ ಪೀಠಿಕೆಗೆ ಬನ್ನಿ. ತನ್ನ ಹಿರಿಮೆಗಳನ್ನು ಎಣಿಸುತ್ತ ಅವನು ಹಲಗೆ ಬಳಪಗಳನ್ನು ಮುಟ್ಟದ, ಇಟ್ಟ ಪದವನ್ನು ಅಳಿಸದ, ಓಲೆಯ ಮೇಲೆ ಕಂಟದ ಸದ್ದು ನಿಲ್ಲದ ಅಗ್ಗಳಿಕೆಯನ್ನು ಹೇಳಿಕೊಳ್ಳುತ್ತಾನೆ. ತರಗತಿಯಲ್ಲಿ ನಾವು ಇದನ್ನು ಪ್ರತಿಭೆಯ ಓಘಕ್ಕೆ ಉದಾಹರಣೆಯಾಗಿ ಕೊಡುತ್ತೇವೆ, ಅದು ಸರಿಯೇ. ಆದರೆ ನಿಲ್ಲದ ಕಂಟವೆಂದರೆ ಬಿಡುವಿಲ್ಲದ ಮಣಿಕಟ್ಟು. ಕವಿಗೆ ಯಾವುದು ಅಗ್ಗಳಿಕೆಯೋ ವೈದ್ಯನಿಗೆ ಅದೇ ರೋಗಕಾರಣ. ಕವಿಯ ಕಂಟ ಒಮ್ಮೆ ಓಡಿದರೆ, ಅದೇ ಕಾವ್ಯಕ್ಕಾಗಿ ಲಿಪಿಕಾರರ ಕಂಟ ಪ್ರತಿಗೊಂದು ಸಲ ಓಡಬೇಕು. ಅಲ್ಲಿ ಪ್ರತಿಭೆಯ ಸುಖವೂ ಇಲ್ಲ.

ವ್ಯಾಸ ಗಣಪತಿಯರ ಕಥೆಯೂ ಇದೇ ಮಾತನ್ನು ಹೇಳುತ್ತದೆ. ಪುಣೆಯ ಸಂಶೋಧಿತ ಮುದ್ರಣವು ಈ ಕಥೆಯನ್ನು ಪ್ರಕ್ಷಿಪ್ತವೆಂದು ಮೂಲಪಾಠದಿಂದ ಹೊರಗಿಟ್ಟಿದೆ. ಆದರೂ ಜನರ ಮನಸ್ಸಿನಿಂದ ಅದು ಹೋಗಿಲ್ಲ. ತನ್ನ ಲೇಖನಿ ಕ್ಷಣವೂ ನಿಲ್ಲಬಾರದೆಂದು ಗಣಪತಿ ಷರತ್ತು ಹಾಕಿದ. ಅರ್ಥವಾಗದೆ ಬರೆಯಬಾರದೆಂದು ವ್ಯಾಸರು ಮರುಷರತ್ತು ಹಾಕಿ, ನಡುನಡುವೆ ಗಂಟು ಶ್ಲೋಕಗಳನ್ನು ಇಟ್ಟರು. ಆ ಗಂಟುಗಳು ಕವಿಗೆ ಯೋಚಿಸಲು ಸಮಯ ಕೊಟ್ಟುವೆಂದು ಎಲ್ಲರೂ ಹೇಳುತ್ತಾರೆ. ಬರೆಯುವವನ ಕೈಗೂ ಅವು ವಿಶ್ರಾಂತಿ ಕೊಟ್ಟುವೆಂದು ಯಾರೂ ಹೇಳಿದಂತಿಲ್ಲ. ದೇವರ ಕೈಗೆ ದಣಿವೆಲ್ಲಿ ಎಂದಿರಬೇಕು! ಅರ್ಥಮಾಡಿಕೊಳ್ಳಲು ನಿಲ್ಲುವ ಹಕ್ಕು ಬರೆಯುವವನಿಗೆ ಇದ್ದರೆ ಅವನ ಕೈಯೂ ಉಳಿದೀತು. ಪ್ರಕ್ಷಿಪ್ತವಾದರೂ ಕಥೆಯ ವಿವೇಕ ದೊಡ್ಡದು.

ಪಾಶ್ಚಾತ್ಯ ಸಾಹಿತ್ಯದಲ್ಲಿಯೂ ಇಂಥ ಪ್ರಸಂಗವುಂಟು. ಹೆನ್ರಿ ಜೇಮ್ಸನ ಬಲಗೈ ಮಣಿಕಟ್ಟು ನೊಂದು ಬರೆಯಲಾಗದೆ ಹೋದಾಗ, 1897ರಲ್ಲಿ ಅವನು ಸಹಾಯಕನಿಗೆ ಹೇಳಿ ಬರೆಸಲು ತೊಡಗಿದ. ಮುಂದೆ ಸಹಾಯಕರು ಟೈಪ್‌ರೈಟರಿನ ಮುಂದೆ ಕುಳಿತು ಅವನ ಬಾಯಿಯ ಮಾತನ್ನೇ ನೇರವಾಗಿ ಬೆರಳಚ್ಚು ಮಾಡಿದರು. ಅವನ ಕೊನೆಗಾಲದ ಕಾದಂಬರಿಗಳ ಸುತ್ತುಬಳಸಿನ ದೀರ್ಘವಾಕ್ಯಗಳಿಗೆ ಇದೂ ಕಾರಣವೇ ಎಂದು ವಿಮರ್ಶಕರು ಚರ್ಚಿಸಿದ್ದಾರೆ. ಗಣ್ಯನ ಮಣಿಕಟ್ಟು ನೊಂದರೆ ಅದು ಶೈಲಿಯ ಚರ್ಚೆಯಾಗುತ್ತದೆ. ಆ ದೀರ್ಘವಾಕ್ಯಗಳನ್ನು ಬಡಿದ ಬೆರಳುಗಳ ವಿಚಾರವೋ?

ನಮ್ಮಲ್ಲಿ ದುಡಿಮೆಯನ್ನು ಕುರಿತ ಸಾಹಿತ್ಯಕ್ಕೆ ಕೊರತೆಯಿಲ್ಲ. ವಚನಕಾರರು ಕಾಯಕಕ್ಕೆ ಕೊಟ್ಟ ಗೌರವ ಜಗತ್ತಿನ ಸಾಹಿತ್ಯದಲ್ಲಿಯೇ ಅಪರೂಪವಾದದ್ದು. ಕದಿರ ರೆಮ್ಮವ್ವೆಯ ಕೈಯಲ್ಲಿ ರಾಟೆಯ ಅಂಗಾಂಗಗಳೆಲ್ಲ ದೇವತೆಗಳಾಗುತ್ತವೆ. ಆದರೆ ಉಪಕರಣ ರೂಪಕವಾಗುವಾಗ ಅದನ್ನು ತಿರುಗಿಸುವ ತೋಳು ಮರೆಯಾಗುತ್ತದೆ. ಇದು ರೆಮ್ಮವ್ವೆಯ ದೋಷವಲ್ಲ, ಅವಳ ಗುರಿಯೇ ಬೇರೆ. ಆ ರೂಪಕವನ್ನು ಹೊಗಳಿ ಅಲ್ಲಿಗೆ ನಿಲ್ಲಿಸುವ ನಮ್ಮ ದೋಷ. ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿ. ದಾನಚಿಂತಾಮಣಿಯನ್ನು ನೆನೆಯುತ್ತೇವೆ, ಕವಿಚಕ್ರವರ್ತಿಯನ್ನು ನೆನೆಯುತ್ತೇವೆ. ಸಾವಿರ ಪ್ರತಿಗಳ ಓಲೆಗಳ ಮೇಲೆ ಬಾಗಿದ ಬೆನ್ನುಗಳ ಲೆಕ್ಕ ಯಾವ ಸಾಹಿತ್ಯ ಚರಿತ್ರೆಯಲ್ಲೂ ಇಲ್ಲ.

ನುಡಿ ಮಾತ್ರ ಈ ನೋವನ್ನು ಬಲ್ಲದು. ‘ರಟ್ಟೆ ಮುರಿದು ದುಡಿದ’ ಎಂದರೆ ನಮ್ಮಲ್ಲಿ ಪ್ರಶಂಸೆ. ‘ನುರಿಸು’ ಎಂದರೆ ಅರೆ, ನುಣ್ಣಗೆ ಮಾಡು. ‘ನುರಿತ ಕೈ’ ಎಂದರೆ ಪಳಗಿದ ಕೈ. ಪಳಗುವುದಕ್ಕೂ ಅರೆದುಹೋಗುವುದಕ್ಕೂ ಕನ್ನಡ ಒಂದೇ ಧಾತುವನ್ನು ಇಟ್ಟುಕೊಂಡಿದೆ. ಬೀಸುವ ಕಲ್ಲಿನ ಪದಗಳಲ್ಲಿಯೂ ತೋಳು ಮರೆಯಾಗಿಲ್ಲ. ‘ಗರತಿಯ ಹಾಡು’ (1931) ಮೊದಲಾದ ಸಂಕಲನಗಳಲ್ಲಿ ಈ ಪದಗಳನ್ನು ಓದುವಾಗ ನಾವು ತವರನ್ನು, ತಾಯಿಯನ್ನು ಕಂಡು ಮರುಗುತ್ತೇವೆ. ಆ ಲಯವನ್ನೂ ಒಮ್ಮೆ ಗಮನಿಸಬೇಕು. ಎಳೆತಕ್ಕೆ ಒಂದು ಮಾತು, ಸುತ್ತಿಗೆ ಒಂದು ಮಾತು, ಸಾಲಿನ ಕೊನೆಗೆ ಉಸಿರು. ಎದುರಿಗೆ ಕುಳಿತ ಇನ್ನೊಬ್ಬಳು ಕೈಗೂಡಿಸಿದರೆ ಹಾಡಿನಲ್ಲೂ ಪಾಲು, ಭಾರದಲ್ಲೂ ಪಾಲು. ತ್ರಿಪದಿಯನ್ನು ರಟ್ಟೆಯೇ ಹದಗೊಳಿಸಿತೆಂದರೆ ತಪ್ಪಾಗಲಾರದು.

ಇದೆಲ್ಲ ಹಳೆಯ ಮಾತೆಂದು ತಳ್ಳಿಬಿಡುವಂತಿಲ್ಲ. ಬ್ರಿಟನ್ನಿನಲ್ಲಿ ತಂತಿಯವರ ಕೈಸೆಳೆತವು ಪರಿಹಾರಕ್ಕೆ ಅರ್ಹವಾದ ರೋಗಗಳ ಪಟ್ಟಿಗೆ ಸೇರಿದ್ದು 1908ರಲ್ಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2010ರ ಪಟ್ಟಿಯಲ್ಲಿ ಮಣಿಕಟ್ಟಿನ ರಜ್ಜುಗಳ ಊತವೂ, ಅಲ್ಲಿಯ ನರ ನಲುಗುವ ರೋಗವೂ ಕಸುಬಿನ ರೋಗಗಳಾಗಿ ನಿಂತಿವೆ. ತಂತಿಯ ಕಟ್ಟೆ ಹೋಯಿತು, ಟೈಪ್‌ರೈಟರ್ ಹೋಯಿತು, ಕಂಪ್ಯೂಟರ್ ಬಂತು. ದಕ್ಷಿಣ ಕನ್ನಡದ ಮನೆಗಳಲ್ಲಿ ಬೀಡಿ ಸುತ್ತುವ ಹೆಂಗಸಿಗೆ ಕೂಲಿ ಸಾವಿರದ ಲೆಕ್ಕದಲ್ಲಿ. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಹೊಲಿಯುವವಳಿಗೆ ಗಂಟೆಗಿಷ್ಟೆಂದು ಗುರಿ. ಎಣಿಕೆಗೆ ಕೂಲಿ ಕಟ್ಟಿದಲ್ಲೆಲ್ಲ ಕಂಟದ ಸದ್ದು ನಿಲ್ಲುವಂತಿಲ್ಲ. ಅಲ್ಲಿ ವ್ಯಾಸರ ಮರುಷರತ್ತನ್ನು ಹಾಕುವವರು ಯಾರು?

ಸಾಹಿತ್ಯ ರೋಗವನ್ನು ವಾಸಿಮಾಡಲಾರದು. ಆದರೆ ಹೊರಗೆ ಕಾಣದ ನೋವನ್ನು ಕಾಣುವಂತೆ ಮಾಡುವುದು ಅದರ ಕೆಲಸ. ನಮ್ಮ ಕತೆಗಾರರು ಹಸಿವನ್ನು ಬರೆದಿದ್ದಾರೆ, ಅವಮಾನವನ್ನು ಬರೆದಿದ್ದಾರೆ. ರಾತ್ರಿ ಜೋಮು ಹಿಡಿದ ಬೆರಳುಗಳನ್ನು ಕೊಡವುತ್ತ ಎದ್ದು ಕೂರುವ ಹೆಂಗಸನ್ನೂ ಅಷ್ಟೇ ಗಮನವಿಟ್ಟು ಬರೆಯಬೇಕಾಗಿದೆ. ಗ್ರಂಥಸಂಪಾದಕರು ಮಾಡಬಹುದಾದದ್ದು ಇನ್ನೂ ಸುಲಭ. ಪ್ರತಿಯ ಕೊನೆಯಲ್ಲಿ ಲಿಪಿಕಾರನ ಹೆಸರಿದ್ದರೆ ಅದನ್ನೂ, ಅವನ ಆ ಎರಡು ಶ್ಲೋಕಗಳನ್ನೂ ಪೀಠಿಕೆಯ ಅಡಿಟಿಪ್ಪಣಿಗೆ ತಳ್ಳದೆ, ಅವನು ಬರೆದ ಜಾಗದಲ್ಲಿಯೇ, ಕಾವ್ಯ ಮುಗಿದ ಪುಟದಲ್ಲಿಯೇ ಅಚ್ಚು ಹಾಕಿಸಲಿ. ಜತನದಿಂದ ಕಾಪಾಡಿರೆಂದು ಅವನು ಬೇಡಿದ್ದು ಗ್ರಂಥವನ್ನು. ಅವನ ಈ ನಾಲ್ಕು ಮಾತುಗಳೂ ಆ ಗ್ರಂಥದ ಭಾಗವೇ.