ಶ್ಯಾಮ್‌ರಾಕ್, ಬಿಲ್ವ ಮತ್ತು ಕಥಾಮಾಲೆ

ಮಾರ್ಚ್ 17 ಬಂತೆಂದರೆ ಡಬ್ಲಿನ್ನಿನಲ್ಲಿ ಕಂಡವರ ಕೋಟಿನ ಮೇಲೆಲ್ಲ ಶ್ಯಾಮ್‌ರಾಕ್ ಎಂಬ ಮೂರೆಲೆಯ ಸೊಪ್ಪು. ಸಂತ ಪ್ಯಾಟ್ರಿಕ್ ಇದನ್ನೇ ಹಿಡಿದು ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂದು ಐರಿಷರಿಗೆ ತಿಳಿಸಿದರಂತೆ. ಕಥೆ ಸೊಗಸಾಗಿದೆ, ಆದರೆ 18ನೇ ಶತಮಾನಕ್ಕೆ ಮೊದಲು ಅದು ಬರಹದಲ್ಲಿ ಸಿಗುವುದಿಲ್ಲ. ಪ್ಯಾಟ್ರಿಕ್ ತಾವೇ ಲ್ಯಾಟಿನ್ನಿನಲ್ಲಿ ಬರೆದುಕೊಂಡದ್ದು ಬೇರೆ: ಹದಿಹರೆಯದಲ್ಲಿ ಬ್ರಿಟನ್ನಿನಿಂದ ಗುಲಾಮರಾಗಿ ಬಂದದ್ದು, ಆರು ವರ್ಷ ಜೀತದಲ್ಲಿ ಕುರಿ ಕಾದದ್ದು. ಬೋಧಕರಾಗಿ ಮರಳುವ ಮೊದಲೇ ಅವರು ಈ ಜನರ ಆಳಾಗಿದ್ದವರು. ಸೊಪ್ಪಿಗಿಂತ ಅದೇ ಹೆಚ್ಚು ಕೆಲಸ ಮಾಡಿರಬೇಕು.

ನಮಗೆ ಮೂರೆಲೆ ಎಂದರೆ ಬಿಲ್ವ. ಅದನ್ನು ಹಿಡಿದು ತ್ರಿತ್ವ ಬೋಧಿಸಹೊರಟರೆ ಕೇಳುವವರ ಮನಸ್ಸು ನೇರ ಶಿವಾಲಯಕ್ಕೆ ಹೋದೀತು. ಎರವಲು ತಂದ ಪಾತ್ರೆ ಬರಿದಾಗಿರುವುದಿಲ್ಲ. ಅನ್ಯಸಂಸ್ಕೃತಿಗೆ ಕ್ರೈಸ್ತ ಧರ್ಮವನ್ನು ಮುಟ್ಟಿಸುವ ಮಾತು ಬಂದಾಗಲೆಲ್ಲ ಭಾಷೆ ಕಲಿತರೆ ಸಾಕೆನ್ನುವವರು ಇದನ್ನು ಮರೆಯುತ್ತಾರೆ.

ಐರ್ಲೆಂಡಿನಲ್ಲೇ ಇದಕ್ಕೊಂದು ನಿದರ್ಶನವಿದೆ. ಇಂಗ್ಲಿಷರಾದ ಬಿಷಪ್ ವಿಲಿಯಂ ಬೆಡೆಲ್ ಐರಿಷ್ ಕಲಿತು, ಸ್ಥಳೀಯ ಪಂಡಿತರ ನೆರವಿನಿಂದ ಹಳೆಯ ಒಡಂಬಡಿಕೆಯನ್ನು ಆ ಭಾಷೆಗೆ ತರಿಸಿದರು. 1642ರಲ್ಲಿ ಅವರು ತೀರಿಕೊಂಡಾಗ ದಂಗೆಯೆದ್ದಿದ್ದ ಐರಿಷರೇ ಬಂದೂಕು ಹಾರಿಸಿ ಗೌರವ ಸಲ್ಲಿಸಿದರು. ಪುಸ್ತಕ ಅಚ್ಚಾದದ್ದು 1685ರಲ್ಲಿ, ಲಂಡನ್ನಿನಲ್ಲಿ. ಮನುಷ್ಯನನ್ನು ಒಪ್ಪಿದ ಜನ ಅವರ ಚರ್ಚನ್ನು ಒಪ್ಪಲಿಲ್ಲ. ನೆಲ ಕಿತ್ತುಕೊಂಡ ಆಳ್ವಿಕೆಯ ಚರ್ಚು ಅದು. ನುಡಿ ಐರಿಷ್ ಆದರೇನು, ದನಿ ದೊರೆಯದೇ ಎಂದು ಅವರಿಗೆ ಕೇಳಿಸಿತು.

ಫರ್ಡಿನೆಂಡ್ ಕಿಟ್ಟೆಲ್ ಅವರು ಹಿಡಿದ ದಾರಿ ಇನ್ನೂ ಕುತೂಹಲದ್ದು. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಈ ಜರ್ಮನ್ನರು 1862ರಲ್ಲಿ ‘ಕಥಾಮಾಲೆ’ ಬರೆದು ಏಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ಹೇಳಿದರು. ಆಗ ಮಿಷನ್ನಿನ ಸಭೆಗಳಲ್ಲಿ ಬೇರೂರುತ್ತಿದ್ದುದು ಜರ್ಮನ್ ರಾಗಗಳಿಗೆ ಹೊಂದಿಸಿದ ಕನ್ನಡ ಗೀತೆಗಳು. ಅಲ್ಲಿ ಒತ್ತು ಬಿದ್ದ ಕಡೆ ಹ್ರಸ್ವವನ್ನು ಎಳೆಯಬೇಕು, ದೀರ್ಘವನ್ನು ನುಂಗಬೇಕು. ಮಾತ್ರೆ ಎಣಿಸಿ ನಡೆಯುವ ಭಾಷೆಗೆ ಇದು ಸಣ್ಣ ಹಿಂಸೆಯಲ್ಲ. ಕಿಟ್ಟೆಲರು ಇದನ್ನು ಬಲ್ಲವರು. ಮುಂದೆ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದ್ದೂ ಅವರೇ.

ಆದರೆ ಲಯವೂ ಬಿಲ್ವದ ಹಾಗೆಯೇ. ಗಮಕದ ಕಿವಿಯವರಿಗೆ ಅದು ಕೇಳಿದೊಡನೆ ಕುಮಾರವ್ಯಾಸ, ಲಕ್ಷ್ಮೀಶ ನೆನಪಾಗುತ್ತಾರೆ. ಏಸು ಇನ್ನೊಂದು ಅವತಾರವಾಗಿ ಕೇಳಿಸಿದರೆ ಅಚ್ಚರಿಯಿಲ್ಲ. ಧರ್ಮಬೋಧಕರಿಗೆ ಇದು ಅಪಾಯವೇ. ಆ ಅಪಾಯಕ್ಕೆ ಕಿಟ್ಟೆಲರು ಒಡ್ಡಿಕೊಂಡರೆಂಬ ಕಾರಣಕ್ಕೇ ನನಗೆ ‘ಕಥಾಮಾಲೆ’ ಬೈಬಲ್ಲಿನ ಗಡಸು ಅನುವಾದಗಳಿಗಿಂತ ಪ್ರಾಮಾಣಿಕವಾಗಿ ಕಾಣುತ್ತದೆ. ಕೇಳುವವರು ತಮ್ಮ ಅರ್ಥವನ್ನೂ ಬೆರೆಸಲಿ ಎಂಬ ಧೈರ್ಯ ಅದರಲ್ಲಿದೆ. ಕಾವ್ಯವಾಗಿ ಅದು ದೊಡ್ಡದೆಂದು ನಾನು ವಾದಿಸುವುದಿಲ್ಲ. ಅವರ 1894ರ ನಿಘಂಟು ಮನೆಮಾತಾಯಿತು, ‘ಕಥಾಮಾಲೆ’ ಸಂಶೋಧಕರ ಪಾಲಾಯಿತು.

ಡಬ್ಲಿನ್ನಿನಲ್ಲಿ ಈಗ ಕೇರಳದವರು ಮಲಯಾಳಂನಲ್ಲಿ ಪೂಜೆ ನಡೆಸುತ್ತಾರೆ. ನಾನು ಬಲ್ಲ ಮಂಗಳೂರು ಕಡೆಯ ಕ್ರೈಸ್ತ ಮನೆಗಳ ಮಕ್ಕಳು ಹೋಗುವುದು ಇಂಗ್ಲಿಷ್ ಪೂಜೆಗೆ. ಅವರಿಗೆ ‘ಕಥಾಮಾಲೆ’ ಓದಿ ಹೇಳಹೊರಟರೆ, ಸಾಲುಸಾಲಿಗೂ ಅರ್ಥವನ್ನು ಇಂಗ್ಲಿಷಿನಲ್ಲೇ ಬಿಡಿಸಬೇಕಾದೀತು.