ಐದು ಗಾನಸಂಪುಟಗಳು: ಸ್ಟೀವೀ ವಂಡರನ ಕೃತಿಪರಂಪರೆಯನ್ನು ಕುರಿತು

ಕಳೆದ ತಿಂಗಳ ಗೋಷ್ಠಿಯಲ್ಲಿ ತರುಣ ಮಿತ್ರರೊಬ್ಬರು ಒಂದು ಪ್ರಶ್ನೆಯನ್ನು ಮುಂದಿಟ್ಟರು. ಒಂದರ ಮೇಲೊಂದಾಗಿ ಒಳ್ಳೆಯ ಗಾನಸಂಪುಟಗಳನ್ನೇ ಹೊರತಂದ ಸಂಗೀತಗಾರರು ಯಾರು ಎಂಬುದೇ ಆ ಪ್ರಶ್ನೆ. ಕೂಡಿದವರಲ್ಲಿ ಕೆಲವರು ಬೀಟಲ್ಸ್ ಮೇಳದ ಹೆಸರನ್ನು ಹೇಳಿದರು. ಕೆಲವರು ಬಾಬ್ ಡಿಲನ್ನನ ಪಕ್ಷವನ್ನು ಹಿಡಿದರು. ಹೆಸರುಗಳು ಬೆಳೆದವೇ ಹೊರತು ಪ್ರಶ್ನೆಯು ಇದ್ದಲ್ಲಿಯೇ ಉಳಿಯಿತು. ಏಕೆಂದರೆ ‘ಸತತವಾಗಿ ಒಳ್ಳೆಯದು’ ಎಂಬ ಮಾತಿಗೆ ಏನರ್ಥವೆಂಬುದನ್ನು ನಾವು ಯಾರೂ ವಿಚಾರಿಸಲಿಲ್ಲ. ಅಂದು ಬಾಯಿಗೆ ಬಾರದೆ ಹೋದ ಮಾತನ್ನು ಇಲ್ಲಿ ಬರೆದಿಡಲು ಯತ್ನಿಸುತ್ತೇನೆ.

ಮೊದಲು ಗಾನಸಂಪುಟ, ಅರ್ಥಾತ್ ಆಲ್ಬಮ್, ಎಂಬುದರ ಸ್ವರೂಪವನ್ನು ನೆನೆಯಬೇಕು. ಹಳೆಯ ಗ್ರಾಮಫೋನು ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ನಾಲ್ಕು ನಿಮಿಷಗಳಿಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಅಂತಹ ತಟ್ಟೆಗಳನ್ನು ಚಿತ್ರಸಂಪುಟದಂತಹ ರಟ್ಟಿನ ಪುಸ್ತಕದಲ್ಲಿ ಸೇರಿಸಿ ಮಾರುತ್ತಿದ್ದುದರಿಂದ ಆಲ್ಬಮ್ ಎಂಬ ಹೆಸರು ಬಂದಿತು. ೧೯೪೮ರಲ್ಲಿ ಕೊಲಂಬಿಯಾ ಸಂಸ್ಥೆಯವರು ದೀರ್ಘಕಾಲ ನುಡಿಯುವ ತಟ್ಟೆಯನ್ನು ಹೊರತಂದ ಮೇಲೆ ಮಗ್ಗುಲೊಂದಕ್ಕೆ ಇಪ್ಪತ್ತು ನಿಮಿಷಗಳಿಗೂ ಮಿಕ್ಕ ಅವಕಾಶ ದೊರೆಯಿತು. ಹಾಡುಗಳನ್ನು ಒಂದು ಕ್ರಮದಲ್ಲಿ ಜೋಡಿಸಿ, ಆ ಕ್ರಮದಿಂದಲೇ ಒಂದು ಅರ್ಥವನ್ನು ಹೊಮ್ಮಿಸುವುದು ಆಗ ಸಾಧ್ಯವಾಯಿತು. ಆದುದರಿಂದ ಸಂಪುಟವೊಂದು ಒಳ್ಳೆಯದೆನ್ನಬೇಕಾದರೆ ಅದರಲ್ಲಿ ಎರಡು ಒಳ್ಳೆಯ ಹಾಡುಗಳಿದ್ದರೆ ಸಾಲದು. ಅದು ಇಡಿಯಾಗಿ ನಿಲ್ಲಬೇಕು. ಈಗ ಕೈಯೊಳಗಿನ ಫೋನಿನಲ್ಲಿ ಹಾಡುಗಳು ಬಿಡಿಬಿಡಿಯಾಗಿ, ಯಂತ್ರವು ಆರಿಸಿದ ಕ್ರಮದಲ್ಲಿ ಬಂದು ಬೀಳುತ್ತಿರುವಾಗ ಈ ಮಾತು ಹಳಬರ ಹಟದಂತೆ ತೋರಬಹುದು. ತೋರಲಿ.

ನಾನು ಉದಾಹರಣೆಗಾಗಿ ಆರಿಸಿಕೊಂಡಿರುವುದು ಅಮೆರಿಕದ ಸ್ಟೀವೀ ವಂಡರನನ್ನು. ೧೯೭೨ರಿಂದ ೧೯೭೬ರವರೆಗೆ ಈತನು ಐದು ಸಂಪುಟಗಳನ್ನು ಹೊರತಂದನು: ‘ಮ್ಯೂಸಿಕ್ ಆಫ್ ಮೈ ಮೈಂಡ್’, ‘ಟಾಕಿಂಗ್ ಬುಕ್’, ‘ಇನ್ನರ್‌ವಿಷನ್ಸ್’, ‘ಫುಲ್‌ಫಿಲಿಂಗ್‌ನೆಸ್ ಫಸ್ಟ್ ಫಿನಾಲೆ’, ‘ಸಾಂಗ್ಸ್ ಇನ್ ದಿ ಕೀ ಆಫ್ ಲೈಫ್’. ಇವುಗಳ ಕಾರಣ ಈತನ ಪ್ರತಿಭೆಯೆಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಪ್ರತಿಭೆಯು ಈತನಿಗೆ ೧೯೬೩ರಲ್ಲಿಯೂ ಇದ್ದಿತು, ೧೯೮೫ರಲ್ಲಿಯೂ ಇದ್ದಿತು. ಸಾಲಾಗಿ ಐದು ಕೃತಿಗಳು ಬಂದುದು ಮಾತ್ರ ಈ ನಡುವಣ ಐದು ವರ್ಷಗಳಲ್ಲಿ. ಆಗ ಇದ್ದು ಮಿಕ್ಕ ಕಾಲದಲ್ಲಿ ಇಲ್ಲದೆ ಹೋದುದು ಯಾವುದು?

ವಂಡರನು ೧೯೫೦ರ ಮೇ ೧೩ರಂದು ಮಿಷಿಗನ್ ಪ್ರಾಂತದ ಸ್ಯಾಗಿನಾದಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ಆ ಕಾಲದ ವೈದ್ಯಪದ್ಧತಿಯಂತೆ ಆಮ್ಲಜನಕ ತುಂಬಿದ ಪೆಟ್ಟಿಗೆಯಲ್ಲಿಟ್ಟು ಸಾಕಿದ್ದರಿಂದ ಪ್ರಾಣ ಉಳಿಯಿತು, ಕಣ್ಣು ಹೋಯಿತು. ಪಾಶ್ಚಾತ್ಯ ಲೇಖಕರು ಅಂಧತ್ವವನ್ನು ಒಂದು ಅದ್ಭುತದಂತೆ ವರ್ಣಿಸುತ್ತಾರೆ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನೂ ಪಂಚಾಕ್ಷರಿ ಗವಾಯಿಗಳನ್ನೂ ಪುಟ್ಟರಾಜ ಗವಾಯಿಗಳನ್ನೂ ಬಲ್ಲ ನಮ್ಮ ವಾಚಕರಿಗೆ ಆ ವಿಸ್ಮಯವು ಬೇಕಾಗಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಹುಡುಗನು ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆಯನ್ನು ಸೇರಿದನು. ಹದಿಮೂರರಲ್ಲಿ ಅವನ ‘ಫಿಂಗರ್‌ಟಿಪ್ಸ್’ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅಗ್ರಸ್ಥಾನಕ್ಕೆ ಏರಿತು.

ಈ ಮೋಟೌನ್ ಸಂಸ್ಥೆಯ ವಿಷಯವನ್ನು ಸ್ವಲ್ಪ ನಿಂತು ನೋಡಬೇಕು. ಸತತವಾಗಿ ಒಳ್ಳೆಯದನ್ನು ಕೊಡುವ ಇನ್ನೊಂದು ಬಗೆ ಅದರದು. ಸ್ಥಾಪಕನಾದ ಬೆರ್ರಿ ಗಾರ್ಡಿಯು ಮೊದಲು ಮೋಟಾರು ಕಾರ್ಖಾನೆಯಲ್ಲಿ ದುಡಿದವನು. ಬರಿಯ ಚೌಕಟ್ಟಾಗಿ ಒಂದು ಬಾಗಿಲಿನಿಂದ ಒಳಹೊಕ್ಕ ವಸ್ತುವು ಥಳಥಳಿಸುವ ಬಂಡಿಯಾಗಿ ಇನ್ನೊಂದು ಬಾಗಿಲಿನಿಂದ ಹೊರಬರುವ ಕ್ರಮವನ್ನೇ ಆತನು ಸಂಗೀತಕ್ಕೂ ಅಳವಡಿಸಿದನು. ಹಾಡು ಕಟ್ಟುವವರು ಬೇರೆ, ನುಡಿಸುವವರು ಬೇರೆ, ಹಾಡುವವರು ಬೇರೆ; ಕೊನೆಯಲ್ಲಿ ಕಾರ್ಖಾನೆಯ ಸರಕನ್ನು ಪರೀಕ್ಷಿಸುವಂತೆ ಸಭೆ ಸೇರಿ ಒಪ್ಪಿಗೆ ಕೊಡುವವರು ಬೇರೆ. ಈ ಪದ್ಧತಿಯನ್ನು ನಾನು ಹಳಿಯಲಾರೆ. ಆ ಪರೀಕ್ಷೆಯನ್ನು ದಾಟಿ ಬಂದ ಹಾಡುಗಳಲ್ಲಿ ಎಷ್ಟೋ ಇಂದಿಗೂ ಮಾಸಿಲ್ಲ. ಆದರೆ ಅಲ್ಲಿ ಒಳ್ಳೆಯದಾಗಿ ಬಂದುದು ಬಿಡಿ ಹಾಡು. ಸಂಪುಟವೆಂಬುದು ಗೆದ್ದ ಒಂದೆರಡು ಹಾಡುಗಳ ಸುತ್ತ ಮಿಕ್ಕವನ್ನು ತುಂಬಿದ ಚೀಲವಾಗಿತ್ತು. ಕಾರ್ಖಾನೆಯು ದೋಷವನ್ನು ತಡೆಯಬಲ್ಲುದು. ಒಬ್ಬನ ಮನಸ್ಸಿನ ಇಡೀ ರೂಪವನ್ನು ಕೊಡಲಾರದು.

೧೯೭೧ರ ಮೇ ತಿಂಗಳಲ್ಲಿ ವಂಡರನಿಗೆ ಇಪ್ಪತ್ತೊಂದು ತುಂಬಿತು. ಬಾಲ್ಯದ ಕರಾರು ಮುಗಿಯಿತು. ಅಲ್ಲಿಯವರೆಗೆ ಅವನ ಹೆಸರಿನಲ್ಲಿ ಕಾದಿಟ್ಟ ಹಣವು ಕೈಗೆ ಬಂದಿತು. ಅವನು ಕೂಡಲೇ ಹೊಸ ಕರಾರಿಗೆ ಸಹಿ ಹಾಕಲಿಲ್ಲ. ನ್ಯೂಯಾರ್ಕಿಗೆ ಹೋಗಿ, ತನ್ನ ಸ್ವಂತ ಖರ್ಚಿನಿಂದ ಧ್ವನಿಮುದ್ರಣ ಮಂದಿರಗಳನ್ನು ಹಿಡಿದು, ಯಾರ ಅಪ್ಪಣೆಯೂ ಇಲ್ಲದೆ ಕೆಲಸಕ್ಕೆ ತೊಡಗಿದನು. ಅದೇ ಸಂಸ್ಥೆಯ ಮಾರ್ವಿನ್ ಗೇ ಎಂಬ ಗಾಯಕನು ‘ವಾಟ್ಸ್ ಗೋಯಿಂಗ್ ಆನ್’ ಎಂಬ ತನ್ನ ಸಂಪುಟಕ್ಕಾಗಿ ಗಾರ್ಡಿಯೊಡನೆ ಹೋರಾಡಿ ಗೆದ್ದುದೂ ಆ ಕಾಲದ ಮಾತೇ. ವಂಡರನು ಮತ್ತೆ ಮೋಟೌನ್ ಸಂಸ್ಥೆಯೊಡನೆ ಕೂಡಿಕೊಂಡಾಗ ಕರಾರು ಅವನ ಮಾತಿನಂತೆ ಆಗಿತ್ತು. ಏನನ್ನು ಹಾಡಬೇಕು, ಹೇಗೆ ಜೋಡಿಸಬೇಕು ಎಂಬ ಸ್ವಾತಂತ್ರ್ಯವೂ ಹಾಡುಗಳ ಹಕ್ಕಿನಲ್ಲಿ ಪಾಲೂ ಅವನಿಗೆ ಬಂದವು. ಕಾವ್ಯವಿಮರ್ಶೆಯಲ್ಲಿ ಕರಾರುಪತ್ರದ ಮಾತೇಕೆ ಎಂದು ಯಾರಾದರೂ ಕೇಳಬಹುದು. ಈ ಐದು ಸಂಪುಟಗಳ ಬುನಾದಿಯೇ ಅದಾಗಿರುವುದರಿಂದ ಅದನ್ನು ಬಿಟ್ಟು ರಸಧ್ವನಿಗಳನ್ನು ಮಾತ್ರ ಹೇಳಿದರೆ ಅರ್ಧಸತ್ಯವಾದೀತು.

ಸ್ವಾತಂತ್ರ್ಯವೊಂದೇ ಸಾಕಾಗಲಿಲ್ಲ, ಜೊತೆಗಾರರು ದೊರೆತರು. ಮಾಲ್ಕಮ್ ಸೆಸಿಲ್ ಎಂಬ ಇಂಗ್ಲಿಷ್ ವಾದಕನೂ ರಾಬರ್ಟ್ ಮಾರ್ಗುಲೆಫ್ ಎಂಬ ಅಮೆರಿಕನನೂ ಸೇರಿ ಅನೇಕ ಸಿಂಥಸೈಸರ್ ಯಂತ್ರಗಳನ್ನು ಒಂದಾಗಿ ಹೆಣೆದು ‘ಟೋಂಟೋ’ ಎಂಬ ಮಹಾವಾದ್ಯವನ್ನು ಕಟ್ಟಿದ್ದರು. ಅವರ ತಟ್ಟೆಯನ್ನು ಕೇಳಿದ ವಂಡರನು ತಾನೇ ಅವರನ್ನು ಹುಡುಕಿಕೊಂಡು ಹೋದನು. ಆ ಯಂತ್ರದಿಂದ ಮನಸ್ಸಿನಲ್ಲಿ ಕೇಳಿದ ನಾದವನ್ನು, ಇಪ್ಪತ್ತು ಜನ ವಾದಕರಿಗೆ ವಿವರಿಸುವ ಶ್ರಮವಿಲ್ಲದೆ, ತಾನೇ ನುಡಿಸಿ ಹಿಡಿಯುವುದು ಸಾಧ್ಯವಾಯಿತು. ಮೂವರೂ ರಾತ್ರಿಗಳನ್ನು ಹಗಲು ಮಾಡಿಕೊಂಡು ಹಾಡುಗಳ ದೊಡ್ಡ ರಾಶಿಯನ್ನೇ ಮುದ್ರಿಸಿಟ್ಟರು. ಸಂಪುಟಕ್ಕೆ ಸಾಲದೆ ಹಾಡು ತುಂಬುವ ಬಡತನ ಇಲ್ಲಿರಲಿಲ್ಲ. ರಾಶಿಯಿಂದ ಹತ್ತನ್ನು ಆರಿಸಿ ಮಿಕ್ಕುದನ್ನು ಒಳಗಿಡುವ ಸಿರಿತನವಿದ್ದಿತು.

೧೯೭೨ರ ಮಾರ್ಚಿನಲ್ಲಿ ಬಂದ ‘ಮ್ಯೂಸಿಕ್ ಆಫ್ ಮೈ ಮೈಂಡ್’ ಸಂಪುಟದಲ್ಲಿ ಒಂದು ಹಾಡಿನ ಟ್ರಾಂಬೋನನ್ನೂ ಇನ್ನೊಂದರ ಗಿಟಾರನ್ನೂ ಬಿಟ್ಟರೆ ವಾದ್ಯಗಳೆಲ್ಲ ಅವನವೇ. ಹೊಸ ಆಟಿಕೆ ಸಿಕ್ಕ ಹುಡುಗನ ಅತ್ಯುತ್ಸಾಹ ಅಲ್ಲಲ್ಲಿ ಕಾಣುತ್ತದೆ. ಮೊದಲನೆಯ ಹಾಡು ತನ್ನ ಮಾತು ಮುಗಿದ ಮೇಲೂ ನಡೆಯುತ್ತದೆ. ಏಳೇ ತಿಂಗಳುಗಳಲ್ಲಿ ಬಂದ ‘ಟಾಕಿಂಗ್ ಬುಕ್’ ಸಂಪುಟದಲ್ಲಿ ಈ ದೋಷವಿಲ್ಲ. ಅದರ ಮೊದಲ ಹಾಡಿನ ಆರಂಭದ ಸಾಲುಗಳನ್ನು ಹಾಡುವವರು ಜಿಮ್ ಗಿಲ್‌ಸ್ಟ್ರಾಪ್ ಮತ್ತು ಲಾನಿ ಗ್ರೋವ್ಸ್ ಎಂಬಿಬ್ಬರು. ಸಂಪುಟದ ಒಡೆಯನ ದನಿಯು ಆಮೇಲೆ ಬರುತ್ತದೆ. ತನ್ನ ಹೆಸರಿನ ಕೃತಿಯನ್ನು ಬೇರೆಯವರ ಕಂಠದಿಂದ ತೆರೆಯುವ ಧೈರ್ಯವು, ಎಲ್ಲವನ್ನೂ ತಾನೇ ನುಡಿಸಿದ ಹಿಂದಿನ ಸಂಪುಟದ ಹುಮ್ಮಸ್ಸಿಗಿಂತ ದೊಡ್ಡದೆಂದು ನನಗೆ ತೋರುತ್ತದೆ.

೧೯೭೩ರ ಆಗಸ್ಟ್ ೩ರಂದು ಬಂದ ‘ಇನ್ನರ್‌ವಿಷನ್ಸ್’ ಈ ಐದರಲ್ಲಿ ಶ್ರೇಷ್ಠವಾದುದು. ಒಂಬತ್ತು ಹಾಡುಗಳು, ಸುಮಾರು ನಲವತ್ತನಾಲ್ಕು ನಿಮಿಷಗಳು. ಮೊದಲನೆಯದು ಮಾದಕದ್ರವ್ಯದ ಅಮಲನ್ನು ಕುರಿತದ್ದು. ತಾಳವು ತೊಡಕಾಗಿ, ನೆಲವೇ ಕಾಲ ಕೆಳಗಿನಿಂದ ಸರಿದಂತೆ ನಡೆಯುತ್ತದೆ. ಎರಡನೆಯದಾದ ‘ವಿಷನ್ಸ್’ ಹಾಡಿನಲ್ಲಿ ಡೋಲಿನ ಸದ್ದೇ ಇಲ್ಲ. ಎರಡು ಗಿಟಾರುಗಳು, ನಿಲುವಿನ ಮಂದ್ರವಾದ್ಯ, ಇವುಗಳ ಮೇಲೆ ದ್ವೇಷವಿಲ್ಲದ ನಾಡೊಂದರ ಕನಸು ಮೆಲ್ಲಗೆ ತೇಲುತ್ತದೆ. ಅದಕ್ಕೆ ಒತ್ತಿಕೊಂಡೇ ಬರುವ ಮೂರನೆಯ ಹಾಡು ‘ಲಿವಿಂಗ್ ಫಾರ್ ದಿ ಸಿಟಿ’. ಮಿಸಿಸಿಪ್ಪಿಯ ಬಡ ಕರಿಯರ ಮನೆ. ಹಗಲಿರುಳು ದುಡಿದರೂ ಹೊಟ್ಟೆ ತುಂಬದ ತಂದೆತಾಯಿಗಳು. ಬಣ್ಣದ ಕಾರಣದಿಂದ ಕೆಲಸ ದೊರೆಯದ ಮಗ. ನಡುವೆ ಹಾಡು ನಿಂತು ಒಂದು ಕಿರುನಾಟಕವು ಕಿವಿಯ ಮುಂದೆ ನಡೆಯುತ್ತದೆ. ಹಳ್ಳಿಯ ತರುಣನು ಬಸ್ಸಿನಿಂದ ನ್ಯೂಯಾರ್ಕಿನಲ್ಲಿ ಇಳಿಯುತ್ತಾನೆ, ಗಗನಚುಂಬಿ ಕಟ್ಟಡಗಳನ್ನು ಕಂಡು ಬೆರಗಾಗುತ್ತಾನೆ. ಯಾರೋ ಒಬ್ಬನು ಅವನ ಕೈಗೆ ಒಂದು ಗಂಟನ್ನು ತುರುಕುತ್ತಾನೆ. ಪೋಲೀಸರು, ನ್ಯಾಯಾಧೀಶ, ಹತ್ತು ವರ್ಷಗಳ ಶಿಕ್ಷೆ, ಕಬ್ಬಿಣದ ಬಾಗಿಲು ಮುಚ್ಚುವ ಸದ್ದು. ಮುಗಿಯಲು ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಮತ್ತೆ ಹಾಡು ಬಂದಾಗ ಅದೇ ಗಾಯಕನ ಕಂಠವು ಹರಿದು ಒರಟಾಗಿದೆ. ಇಂಪನ್ನು ಬಲ್ಲವನು ಬೇಕೆಂದೇ ಇಂಪನ್ನು ಬಿಟ್ಟುಕೊಟ್ಟಿದ್ದಾನೆ.

ಬಿಡಿಯಾಗಿಯೂ ಈ ಹಾಡು ದೊಡ್ಡದೇ. ಆದರೆ ‘ವಿಷನ್ಸ್’ ಹಾಡಿನ ಕನಸು ಇನ್ನೂ ಕಿವಿಯಲ್ಲಿರುವಾಗ ಇದನ್ನು ಕೇಳಿದರೆ ಮಾತ್ರ ಇದರ ಪೂರ್ತಿ ಪೆಟ್ಟು ತಾಗುತ್ತದೆ. ಆ ಕನಸನ್ನು ಕವಿಯು ಎಲ್ಲಿಯೂ ಅಲ್ಲಗಳೆಯಲಿಲ್ಲ. ಪಕ್ಕದಲ್ಲಿ ಇದನ್ನು ಇಟ್ಟನು, ಅಷ್ಟೆ. ಆನಂದವರ್ಧನನು ಧ್ವನಿಯೆಂದು ಕರೆದುದು ಇಂತಹ ಸಾಮೀಪ್ಯದಿಂದಲೂ ಹುಟ್ಟುತ್ತದೆ. ಅನಂತರ ಪಿಯಾನೋವಿನ ಮೃದುವಾದ ನುಡಿತದಿಂದ ಒಂದು ಪ್ರೇಮಗೀತೆ ಆರಂಭವಾಗುತ್ತದೆ. ಮೊದಮೊದಲು ಈ ಪ್ರೇಮಗೀತೆಯನ್ನು ಇಲ್ಲಿಡಬಾರದಾಗಿತ್ತೆಂದು ನನಗೆ ಅನ್ನಿಸುತ್ತಿತ್ತು. ಸೆರೆಮನೆಯ ಬಾಗಿಲು ಮುಚ್ಚಿದ ಮೇಲೂ ಲೋಕದಲ್ಲಿ ಜನರು ಪ್ರೀತಿಸುತ್ತಿರುತ್ತಾರೆಂಬ ಅರಿವು ಅದರಲ್ಲಿದೆಯೆಂದು ಈಗ ತಿಳಿಯುತ್ತದೆ.

ಸಂಪುಟವು ಬಂದ ಮೂರನೆಯ ದಿನ, ಆಗಸ್ಟ್ ೬ರಂದು, ಉತ್ತರ ಕ್ಯಾರೊಲಿನಾದಲ್ಲಿ ಮರದ ದಿಮ್ಮಿಗಳ ಲಾರಿಯೊಂದಕ್ಕೆ ಅವನಿದ್ದ ಮೋಟಾರು ಬಡಿಯಿತು. ಕೆಲವು ದಿನ ಪ್ರಜ್ಞೆಯಿರಲಿಲ್ಲ. ಸ್ನೇಹಿತನಾದ ಐರಾ ಟಕರನು ‘ಹೈಯರ್ ಗ್ರೌಂಡ್’ ಹಾಡನ್ನು ಕಿವಿಯಲ್ಲಿ ಗಟ್ಟಿಯಾಗಿ ಹಾಡಿದಾಗ ಅವನ ಬೆರಳುಗಳು ತಾಳ ಹಾಕತೊಡಗಿದವೆಂದು ಹೇಳುತ್ತಾರೆ. ೧೯೭೪ರ ‘ಫುಲ್‌ಫಿಲಿಂಗ್‌ನೆಸ್’ ಸಂಪುಟದಲ್ಲಿ ಈ ಗಂಡಾಂತರದ ನೆರಳಿದೆ; ದನಿ ತಗ್ಗಿದೆ, ಸಾವಿನ ಚಿಂತೆ ಹೆಚ್ಚಿದೆ. ಅಧ್ಯಕ್ಷ ನಿಕ್ಸನ್ನನನ್ನು ಜರೆಯುವ ಒಂದು ಹಾಡನ್ನು ಬಿಟ್ಟರೆ ಅದು ಒಳಮುಖವಾದ ಕೃತಿ. ಹೆಚ್ಚು ಜನರು ಅದನ್ನು ಕೇಳುವುದಿಲ್ಲವೆಂಬುದು ನನ್ನ ಖೇದ.

ಅದರ ತರುವಾಯ ಸೆಸಿಲ್-ಮಾರ್ಗುಲೆಫರು ಅಗಲಿದರು. ೧೯೭೬ರ ಸೆಪ್ಟೆಂಬರಿನಲ್ಲಿ ಬಂದ ‘ಸಾಂಗ್ಸ್ ಇನ್ ದಿ ಕೀ ಆಫ್ ಲೈಫ್’ ಸಂಪುಟವನ್ನು ಲೋಕವು ಅವನ ಕೃತಿಗಳಲ್ಲೆಲ್ಲ ಶಿಖರವೆಂದು ಎಣಿಸುತ್ತದೆ. ಇಲ್ಲಿ ನಾನು ಲೋಕದೊಡನೆ ಪೂರ್ತಿ ಒಡಂಬಡಲಾರೆ. ಅರಮನೆಯ ತಂತಿವಾದ್ಯಗಳ ನಯವನ್ನು ಯಂತ್ರದಿಂದ ಹೊರಡಿಸಿ, ಅದರ ಮೇಲೆ ಕೊಳೆಗೇರಿಯ ಹಸಿವನ್ನು ಹಾಡುವ ‘ವಿಲೇಜ್ ಘೆಟ್ಟೋ ಲ್ಯಾಂಡ್’ ವ್ಯಂಗ್ಯದ ಒಂದು ಮೇರುಕೃತಿ. ೧೯೭೪ರಲ್ಲಿ ತೀರಿಕೊಂಡ ಡ್ಯೂಕ್ ಎಲಿಂಗ್ಟನ್ನನನ್ನು ನೆನೆಯುವ ಹಾಡಿನ ಉಲ್ಲಾಸಕ್ಕೆ ಎಣೆಯಿಲ್ಲ. ಆದರೂ ಎರಡು ದೊಡ್ಡ ತಟ್ಟೆಗಳು, ಮೇಲೊಂದು ಚಿಕ್ಕ ತಟ್ಟೆ, ಇಪ್ಪತ್ತೊಂದು ಹಾಡುಗಳು. ‘ಬ್ಲ್ಯಾಕ್ ಮ್ಯಾನ್’ ಹಾಡಿನ ಕೊನೆಯ ಪ್ರಶ್ನೋತ್ತರವು ಪಾಠಶಾಲೆಯ ಒಪ್ಪಿಸುವಿಕೆಯಂತಿದೆ. ಮಗಳ ಮೇಲಣ ಹಾಡು ಅಕ್ಕರೆಯಿಂದ ಹುಟ್ಟಿ ಅಕ್ಕರೆಯಿಂದಲೇ ಅಳತೆ ಮೀರಿದೆ. ಇಷ್ಟು ಸಾಕೆಂದು ಹೇಳುವವರು ಪಕ್ಕದಲ್ಲಿರಲಿಲ್ಲ. ಎರಡು ವರ್ಷಗಳ ಕಾಲ ತಡವಾಗುತ್ತಲೇ ಹೋಗಿ, ಕೆಲಸವು ಮುಗಿಯುತ್ತ ಬಂದಿದೆಯೆಂದು ಅಚ್ಚು ಹಾಕಿಸಿದ ಅಂಗಿಗಳನ್ನು ತೊಟ್ಟುಕೊಂಡು ಓಡಾಡುವ ಸ್ಥಿತಿ ಬಂದಿತ್ತು.

ಈ ತಡದಿಂದಲೇ ಒಂದು ವಿನೋದವೂ ನಡೆಯಿತು. ವರ್ಷದ ಶ್ರೇಷ್ಠ ಸಂಪುಟಕ್ಕೆ ಕೊಡುವ ಗ್ರ್ಯಾಮಿ ಬಹುಮಾನವು ೧೯೭೪ರಲ್ಲಿಯೂ ೧೯೭೫ರಲ್ಲಿಯೂ ವಂಡರನಿಗೇ ಬಂದಿತ್ತು. ೧೯೭೬ರಲ್ಲಿ ಅದನ್ನು ಪಡೆದ ಪಾಲ್ ಸೈಮನ್ನನು, ಆ ವರ್ಷ ಸಂಪುಟವನ್ನೇ ಹೊರತರದೆ ಉಪಕರಿಸಿದ ವಂಡರನಿಗೆ ವೇದಿಕೆಯ ಮೇಲಿನಿಂದ ಕೃತಜ್ಞತೆಯನ್ನು ಹೇಳಿದನು. ೧೯೭೭ರಲ್ಲಿ ಬಹುಮಾನವು ಮತ್ತೆ ವಂಡರನ ಮನೆಗೇ ಹೋಯಿತು.

ಅನಂತರ ಮೂರು ವರ್ಷ ಮೌನ. ೧೯೭೯ರಲ್ಲಿ ಸಸ್ಯಗಳ ಗುಪ್ತಜೀವನವನ್ನು ಕುರಿತ ಒಂದು ಚಲಚ್ಚಿತ್ರಕ್ಕಾಗಿ ಅವನು ಮಾಡಿದ ಎರಡು ತಟ್ಟೆಗಳ ಸಂಗೀತವು ಹೊರಬಂದಿತು. ಪರದೆಯ ಮೇಲೆ ನಡೆಯುವುದನ್ನು ಒಬ್ಬರು ಕಿವಿಯಲ್ಲಿ ವರ್ಣಿಸುತ್ತಿರಲು ಕಾಣದ ಚಿತ್ರಕ್ಕೆ ಅವನು ನಾದವನ್ನು ಕಟ್ಟಿದನು. ಜನರು ಕೈಬಿಟ್ಟರು; ಸತತವೆಂಬ ಸರಪಳಿಯು ಇಲ್ಲಿ ಕಡಿಯಿತೆಂದು ವಿಮರ್ಶಕರು ಬರೆದರು. ಇಡಿಯಾಗಿ ನಿಲ್ಲದ ಕೃತಿಯೆಂದು ನಾನೂ ಒಪ್ಪುತ್ತೇನೆ. ಆದರೆ ೧೯೭೧ರಲ್ಲಿ ಕರಾರಿಗೆ ಸಹಿ ಹಾಕದೆ ನ್ಯೂಯಾರ್ಕಿಗೆ ಹೊರಟವನೂ ೧೯೭೯ರಲ್ಲಿ ಗಿಡಗಳ ಸಂಗೀತಕ್ಕೆ ಕುಳಿತವನೂ ಒಬ್ಬನೇ. ಮೊದಲನೆಯ ಹಟವನ್ನು ಹೊಗಳಿ ಎರಡನೆಯದನ್ನು ಹಳಿಯುವುದು ನನಗೆ ಸುಲಭವಾಗಿ ತೋರುವುದಿಲ್ಲ. ೧೯೮೦ರ ‘ಹಾಟರ್ ದ್ಯಾನ್ ಜುಲೈ’ ಮತ್ತೆ ಗಟ್ಟಿಯಾದ ಕೃತಿಯಾಯಿತು. ೧೯೮೪ರಲ್ಲಿ ಚಲಚ್ಚಿತ್ರಕ್ಕಾಗಿ ಹಾಡಿದ ಫೋನಿನ ಪ್ರೇಮಗೀತೆಯನ್ನು ಲೋಕವೆಲ್ಲ ಗುನುಗಿತು. ಅದನ್ನು ಯಾರು ಬೇಕಾದರೂ ಹಾಡಬಹುದಾಗಿತ್ತು. ಗಿಡಗಳ ಸಂಪುಟದ ‘ಸೇಮ್ ಓಲ್ಡ್ ಸ್ಟೋರಿ’ ಎಂಬ ಹಾಡನ್ನು ಮಾತ್ರ ಇನ್ನೊಬ್ಬರು ಕಟ್ಟಲಾರರು. ಅದರಲ್ಲಿ ಅವನು ನೆನೆಯುವುದು ನಮ್ಮ ಜಗದೀಶಚಂದ್ರ ಬೋಸರನ್ನೂ ದಾಸ್ಯದಲ್ಲಿ ಹುಟ್ಟಿ ಸಸ್ಯವಿಜ್ಞಾನಿಯಾದ ಜಾರ್ಜ್ ವಾಷಿಂಗ್ಟನ್ ಕಾರ್ವರನನ್ನೂ.

ಮುಂದಿನ ಗೋಷ್ಠಿಯಲ್ಲಿ ‘ಇನ್ನರ್‌ವಿಷನ್ಸ್’ ಸಂಪುಟದ ಮೊದಲ ಮಗ್ಗುಲನ್ನು ನಡುವೆ ನಿಲ್ಲಿಸದೆ ಕೇಳಿಸಬೇಕೆಂದು ಕಾರ್ಯದರ್ಶಿಗಳನ್ನು ಬೇಡಿಕೊಂಡಿದ್ದೇನೆ. ಪ್ರಶ್ನೆ ಕೇಳಿದ ಮಿತ್ರರು ತಪ್ಪದೆ ಬರಬೇಕು. ಚಹವನ್ನು ಹಾಡು ಮುಗಿದ ಮೇಲೆ ಕೊಡಲಾಗುವುದು.