ಗೋಡೆಯ ಮೇಲಿನ ‘ನಿರಂತರ’

ಬೆಂಗಳೂರಿನ ಕೆ.ಆರ್. ಪುರದ ತೂಗುಸೇತುವೆ ದಾಟಿ ಹೊರವರ್ತುಲ ರಸ್ತೆ ಹಿಡಿದು ಹೊರಡಿ. ಎಡಬಲದ ಗಾಜಿನ ಕಟ್ಟಡಗಳಲ್ಲಿ ಯಾವುದನ್ನು ಹೊಕ್ಕರೂ ರಿಸೆಪ್ಷನ್ ಸೋಫಾದ ಎದುರಿಗೆ ಹೆಚ್ಚುಕಮ್ಮಿ ಒಂದೇ ಬರಹ ತೂಗುತ್ತಿರುತ್ತದೆ. ಗ್ರಾಹಕರ ತೃಪ್ತಿಗೆ, ಕಾನೂನಿನ ಪಾಲನೆಗೆ, ವ್ಯವಹಾರದ ನಿರಂತರತೆಗೆ, ನಿರಂತರ ಸುಧಾರಣೆಗೆ ನಾವು ಬದ್ಧರಾಗಿದ್ದೇವೆ. ಕೆಳಗೆ ಮುಖ್ಯಸ್ಥರ ಸಹಿ. ಇದೇ ಬರಹ ಕೆಲವೆಡೆ ಗುರುತಿನ ಚೀಟಿಯ ಬೆನ್ನಿಗೂ ಅಂಟಿಕೊಂಡು ನೌಕರರ ಕೊರಳಲ್ಲಿ ನೇತಾಡುತ್ತದೆ. ಇಷ್ಟು ಪ್ರತಿ ಅಚ್ಚಾಗಿ ಇಷ್ಟು ಕಡಿಮೆ ಓದಿಸಿಕೊಂಡ ಗದ್ಯ ನಮ್ಮ ಊರಿನ ಪೂರ್ವ ಭಾಗದಲ್ಲಿ ಇನ್ನೊಂದು ಇದ್ದಂತಿಲ್ಲ. ಗದ್ಯವೆಂದ ಮೇಲೆ ಅದಕ್ಕೂ ವಿಮರ್ಶೆ ಸಲ್ಲಬೇಕು.

ಈ ಫಲಕಗಳ ಹಿನ್ನೆಲೆ ಓದುಗರಿಗೆ ಗೊತ್ತಿದ್ದದ್ದೇ. ಗುಣಮಟ್ಟಕ್ಕೆ 1987ರಲ್ಲಿ ಬಂದ ಐಎಸ್‌ಒ 9000 ಮಾನದಂಡಗಳ ಸರಣಿ, ಆಮೇಲೆ ಪರಿಸರಕ್ಕೆ 14001, ಕೆಲಸಗಾರರ ಸುರಕ್ಷತೆಗೆ 45001, ವ್ಯವಹಾರದ ನಿರಂತರತೆಗೆ 2012ರಲ್ಲಿ 22301. ನಾಲ್ಕನ್ನೂ ಒಂದೇ ಚೌಕಟ್ಟಿಗೆ ಕೂರಿಸಿದರೆ ಅದೇ ‘ಸಮಗ್ರ’ ವ್ಯವಸ್ಥೆ. ಐಎಸ್‌ಒ ತಾನಾಗಿ ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ, ಕೊಡುವ ಸಂಸ್ಥೆಗಳು ಬೇರೆ. ಆದರೂ ನಮ್ಮಲ್ಲಿ ‘ಐಎಸ್‌ಒ ಸಿಕ್ಕಿತು’ ಎಂದೇ ಹೇಳುವುದು, ಬಹುಮಾನ ಬಂದ ಹಾಗೆ.

ಮೊದಲು ‘ಬದ್ಧ’. ಕಂಪನಿ ಮನಸ್ಸು ಕರಗಿ ಆಡಿದ ಮಾತು ಇದಲ್ಲ. ನೀತಿಯ ಹೇಳಿಕೆಯಲ್ಲಿ ಬದ್ಧತೆಯ ಮಾತು ಇರಲೇಬೇಕೆಂದು ಗುಣಮಟ್ಟದ ಸರಣಿಯ 9001ರ ಐದನೆಯ ಅಧ್ಯಾಯವೇ ವಿಧಿಸುತ್ತದೆ. ಇಲ್ಲದಿದ್ದರೆ ಆಡಿಟರು ತಪ್ಪು ಬರೆದುಕೊಳ್ಳುತ್ತಾರೆ. ಪ್ರತಿಜ್ಞೆ ಮಾಡುವವನೊಬ್ಬ, ಅದನ್ನು ಬರೆದುಕೊಟ್ಟವನೊಬ್ಬ. ಬದ್ಧನೆಂದರೆ ಕಟ್ಟಿಹಾಕಲ್ಪಟ್ಟವನು. ಯಾವ ಹಗ್ಗದಿಂದ, ಯಾವ ಗೂಟಕ್ಕೆ ಎಂದು ಕೇಳಿದರೆ ಫಲಕ ಮೌನ.

ನನ್ನನ್ನು ಹೆಚ್ಚು ಕಾಡಿದ್ದು ‘ನಿರಂತರ’. ಒಂದೇ ವಾಕ್ಯದಲ್ಲಿ ಎರಡು ಸಲ ಬರುವ ಈ ಪದ ಎರಡು ಸಲವೂ ಸುಳ್ಳಾಡುತ್ತದೆ. ಪದವನ್ನು ಬಿಡಿಸಿ: ಅಂತರವಿಲ್ಲದ್ದು, ಬಿಡುವಿಲ್ಲದ್ದು. ಆದರೆ ಸುಧಾರಣೆಯ ವಿಷಯದಲ್ಲಿ ಐಎಸ್‌ಒ ಆರಿಸಿಕೊಂಡ ಇಂಗ್ಲಿಷ್ ಪದ ‘ಕಂಟಿನ್ಯುಯಲ್’, ‘ಕಂಟಿನ್ಯುಯಸ್’ ಅಲ್ಲ. ಬಿಟ್ಟು ಬಿಟ್ಟು, ಮತ್ತೆ ಮತ್ತೆ ನಡೆಯುವುದು ಮೊದಲನೆಯದು. ಧಾರೆ ಕಡಿಯದೆ ನಡೆಯುವುದು ಎರಡನೆಯದು. ಅಷ್ಟು ಜಾಗರೂಕತೆಯಿಂದ ಉಳಿಸಿಟ್ಟ ಬಿಡುವನ್ನು ನಮ್ಮ ಅನುವಾದಕ ಒಂದೇ ಏಟಿಗೆ ಅಳಿಸಿದ. ‘ಆಗಾಗ ಸುಧಾರಿಸಿಕೊಳ್ಳುತ್ತೇವೆ’ ಎಂದಿದ್ದರೆ ಸರಿಯಾಗುತ್ತಿತ್ತು. ಗೋಡೆಗೆ ಅದು ಕಳೆಗಟ್ಟುವುದಿಲ್ಲ, ನಿಜ.

ಇನ್ನು ವ್ಯವಹಾರದ ನಿರಂತರತೆ. 22301ರ ಕೆಲಸದ ಹಾಳೆಗಳನ್ನು ಕಂಡವರಿಗೆ ಗೊತ್ತು: ಅಲ್ಲಿನ ಮೊದಲ ಪ್ರಶ್ನೆ ‘ನಿಲ್ಲದಂತೆ ಹೇಗೆ?’ ಎಂದಲ್ಲ, ‘ಎಷ್ಟು ಹೊತ್ತು ನಿಂತರೆ ತಾಳಿಕೊಳ್ಳಬಹುದು?’ ಎಂದು. ಸಂಬಳ ಬಟವಾಡೆ ಎರಡು ದಿನ ನಿಲ್ಲಬಹುದು, ಗ್ರಾಹಕರ ಕರೆ ತೆಗೆದುಕೊಳ್ಳುವುದು ಎರಡು ತಾಸು. ಕೆಲಸ ಮತ್ತೆ ಎದ್ದು ನಿಲ್ಲಬೇಕಾದ ಆ ಗಡುವಿಗೆ ಅವರು ಆರ್‌ಟಿಒ ಎನ್ನುತ್ತಾರೆ. (ನಮಗೆ ಆರ್‌ಟಿಒ ಎಂದರೆ ಕೆಎ-53 ಫಲಕ ಕೊಡುವ ಕಚೇರಿ, ಅಲ್ಲಿನ ಗಡುವುಗಳ ಮಾತು ಬೇಡ.) ಎದ್ದ ಮೇಲೂ ಪೂರ್ತಿ ಕೆಲಸವೆಂದಲ್ಲ, ಮೊದಲೇ ಒಪ್ಪಿಕೊಂಡಷ್ಟು. ಅಂದರೆ ಈ ಇಡೀ ಶಾಸ್ತ್ರ ನಿಂತಿರುವುದೇ ಅಂತರದ ಮೇಲೆ. ಅಂತರವನ್ನು ಅಳೆದು, ಬೆಲೆ ಕಟ್ಟಿ, ಯಾರು ಹೊರಬೇಕೆಂದು ಮೊದಲೇ ತೀರ್ಮಾನಿಸುವ ಶಾಸ್ತ್ರ ಅದು. ಒಳಗಿನ ಹಾಳೆಯಲ್ಲಿ ನಾಲ್ಕು ತಾಸು ಎಂಬ ಪ್ರಾಮಾಣಿಕ ಅಂಕಿಯಿದ್ದರೆ ಹೊರಗಿನ ಗೋಡೆಯಲ್ಲಿ ‘ನಿರಂತರ’. ಫಲಕದ ಮೇಲೆ ನನ್ನ ದೂರು ಇಷ್ಟೇ, ಆದರೆ ಇದು ಸಣ್ಣ ದೂರಲ್ಲ.

ಮರೆಮಾಚಿದ ಅಂತರ ಯಾರ ಪಾಲಿಗೆ ಬೀಳುತ್ತದೆ ಎಂಬುದನ್ನು 2022ರ ಮಳೆ ತೋರಿಸಿತು. ಆಗಸ್ಟ್ 30ರ ಒಂದೇ ದಿನ 225 ಕೋಟಿ ರೂಪಾಯಿ ನಷ್ಟವಾಯಿತೆಂದು, ನೌಕರರು ಐದು ತಾಸಿಗೂ ಹೆಚ್ಚು ರಸ್ತೆಯಲ್ಲಿ ಸಿಕ್ಕಿಕೊಂಡರೆಂದು ಹೊರವರ್ತುಲ ರಸ್ತೆಯ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆಯಿತು. ಆ ಲೆಕ್ಕವನ್ನು ಒಪ್ಪುವುದು ಬಿಡುವುದು ಬೇರೆ. ಗದ್ಯವಾಗಿ ಆ ಪತ್ರ ಫಲಕಕ್ಕಿಂತ ಎಷ್ಟೋ ಮೇಲು. ಅದರಲ್ಲಿ ದಿನವಿದೆ, ದುಡ್ಡಿದೆ, ಕೆಸರಿದೆ. ಸೆಪ್ಟೆಂಬರ್ ಮೊದಲ ವಾರ ನೀರು ಇನ್ನೂ ಏರಿದಾಗ ನೌಕರರು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರು, ಉಳಿದವರು ಮನೆಯಿಂದಲೇ ಲಾಗಿನ್ ಆದರು. ಮನೆಯಿಂದ ಗೇಟು ಕಾಯಲಾಗದ ಸೆಕ್ಯೂರಿಟಿಯವನಿಗೆ, ಮನೆಯಿಂದ ನೆಲ ಒರೆಸಲಾಗದ ಹೌಸ್‌ಕೀಪಿಂಗ್ ಹೆಂಗಸಿಗೆ ನಿರಂತರತೆ ಎಂದರೆ ಮೊಣಕಾಲು ನೀರಿನಲ್ಲಿ ನಡಿಗೆ. ಅವರು ಗುತ್ತಿಗೆಯವರು, ಹಾಗಾಗಿ ಫಲಕದ ‘ನಾವು’ ಅವರನ್ನು ಒಳಗೊಂಡಿದೆಯೇ ಎಂಬುದೂ ಸ್ಪಷ್ಟವಿಲ್ಲ.

ಇಷ್ಟು ಹೇಳಿದೊಡನೆ ಒಂದು ಬಗೆಯ ವಿಮರ್ಶಕರು ಹಿಗ್ಗಿ ದೂರವಾಣಿನಗರ, ಬೈಯ್ಯಪ್ಪನಹಳ್ಳಿಗಳ ಹಳೆಯ ಕಾರ್ಖಾನೆಗಳ ಕಡೆ ಕೈ ತೋರಿಸುತ್ತಾರೆ. ಆಗ ಫಲಕವಿರಲಿಲ್ಲ, ಗುಣಮಟ್ಟ ಇತ್ತು. ಐಟಿಐ ಫೋನು ಕೆಳಗೆ ಬಿದ್ದರೂ ಒಡೆಯುತ್ತಿರಲಿಲ್ಲ, ಎನ್‌ಜಿಇಎಫ್ ಮೋಟಾರು ಮೊಮ್ಮಕ್ಕಳ ಕಾಲಕ್ಕೂ ತಿರುಗುತ್ತದೆ, ಇತ್ಯಾದಿ. ಇಂಥ ನೆನಪಿನ ಪ್ರಬಂಧಗಳ ಜತೆ ನನಗೆ ಹಳೆಯ ಜಗಳವಿದೆ. 1948ರಲ್ಲಿ ಹುಟ್ಟಿದ ಐಟಿಐಗೆ ದಶಕಗಳ ಕಾಲ ಇದ್ದ ದೊಡ್ಡ ಗಿರಾಕಿ ಒಬ್ಬನೇ, ಅಂಚೆ ತಂತಿ ಇಲಾಖೆ. ಫೋನು ಗಟ್ಟಿಯಿತ್ತು, ಒಪ್ಪೋಣ. ಅದು ಮನೆಗೆ ಬರಲು ಜನ ವರ್ಷಗಟ್ಟಲೆ ಕಾದರು ಎಂಬುದನ್ನು ಮರೆಯುವುದು ಹೇಗೆ? ಅರವತ್ತರ ದಶಕದಲ್ಲಿ ಬೆಲ್ಜಿಯಂ ತಂತ್ರಜ್ಞಾನದಿಂದ ಮಾಡತೊಡಗಿದ ಕ್ರಾಸ್‌ಬಾರ್ ಎಕ್ಸ್‌ಚೇಂಜುಗಳು ನಮ್ಮ ನಗರಗಳ ಕರೆಗಳ ಭಾರಕ್ಕೆ ತಿಣುಕಾಡಿದ್ದೂ ಇತಿಹಾಸವೇ. ಇತಿಹಾಸಕಾರ ದಿಲೀಪ್ ಸುಬ್ರಮಣಿಯನ್ ಐಟಿಐ ಬಗ್ಗೆ ದಪ್ಪ ಗ್ರಂಥವನ್ನೇ ಬರೆದಿದ್ದಾರೆ. ಅದನ್ನು ತೆರೆಯುವ ಶ್ರಮ ಈ ನೆನಪುಗಾರರಿಗೆ ಬೇಡ. 2014ರಲ್ಲಿ ಐಟಿಐಗೆ ನಾಲ್ಕು ಸಾವಿರ ಕೋಟಿ ರೂಪಾಯಿಗೂ ಮೀರಿದ ಪುನಶ್ಚೇತನದ ನೆರವು ಮಂಜೂರಾದದ್ದು ಯಾವ ಗುಣಮಟ್ಟದ ಗುರುತು?

ಎನ್‌ಜಿಇಎಫ್ ಕತೆ ಇನ್ನೂ ಖಾರ. 1956ರಲ್ಲಿ ಜರ್ಮನಿಯ ಎಇಜಿ ಸಹಯೋಗದಲ್ಲಿ ಬೈಯ್ಯಪ್ಪನಹಳ್ಳಿಯಲ್ಲಿ ಎದ್ದ ಕಾರ್ಖಾನೆ 2002ರಲ್ಲಿ ಬಾಗಿಲು ಹಾಕಿತು. ಬೆಂಕಿ ಬೀಳಲಿಲ್ಲ, ನೆರೆ ಬರಲಿಲ್ಲ. ಸಾಲ, ಕೈತಪ್ಪಿದ ಆರ್ಡರು, ಮುಂದೂಡಿದ ತೀರ್ಮಾನಗಳು ಸೇರಿ ಮೆಲ್ಲಗೆ ಉಸಿರು ಕಟ್ಟಿಸಿದವು. ಅವಘಡವೊಂದು ಬಂದೆರಗಿದರೆ ಏನು ಮಾಡಬೇಕೆಂದು 22301 ವಿವರವಾಗಿ ಹೇಳುತ್ತದೆ. ಯಾವ ಅವಘಡವೂ ಆಗದೆ ಸಾಯುವ ಸಂಸ್ಥೆಯ ಬಗ್ಗೆ ಅದಕ್ಕೆ ಹೆಚ್ಚು ಗೊತ್ತಿಲ್ಲ. ನೆನಪುಗಾರರಿಗೂ ಗೊತ್ತಿಲ್ಲ, ಅದಕ್ಕೇ ಅವರು ಮೋಟಾರಿನ ಆಯುಸ್ಸನ್ನು ಕಾರ್ಖಾನೆಯ ಆಯುಸ್ಸೆಂದು ತಿಳಿಯುತ್ತಾರೆ.

ನ್ಯಾಯಕ್ಕೆ ಒಂದು ಮಾತು. ಯೋಜನೆಯನ್ನು ಬರೆದಿಟ್ಟರೆ ಸಾಲದು, ಆಗಾಗ ಅಭ್ಯಾಸ ಮಾಡಿ ನೋಡಬೇಕೆಂದು 22301 ಒತ್ತಾಯಿಸುತ್ತದೆ. ಒಳ್ಳೆಯದು. ವರ್ಷಕ್ಕೊಮ್ಮೆ ಆಡಿಟ್ ಹತ್ತಿರ ಬಂದಾಗ ಫೈಲುಗಳ ಧೂಳಾದರೂ ಹಾರುತ್ತದೆ, ಫಲಕದ ಸಾಲುಗಳನ್ನು ಬಾಯಿಪಾಠ ಮಾಡಿಸುವುದೂ ಆಗಲೇ.

ಫಲಕ ಬರೆಯುವವರು ಒಂದು ಬೆಳಿಗ್ಗೆ ಶಿವಾಜಿನಗರಕ್ಕೆ ಹೋಗಿ ಬರಲಿ. ಅಲ್ಲಿನ 1927ರ ರಸೆಲ್ ಮಾರುಕಟ್ಟೆಗೆ 2012ರ ಫೆಬ್ರವರಿಯಲ್ಲಿ ಬೆಂಕಿ ಬಿತ್ತು. ಅಂಗಡಿಗಳು ಸುಟ್ಟವು, ವ್ಯಾಪಾರಿಗಳು ತಮ್ಮ ಕೈಯಿಂದಲೇ ಹಣ ಹಾಕಿ ಮತ್ತೆ ಕಟ್ಟಿಕೊಂಡರು. ಇದನ್ನು ಹೊಗಳಿ ಹಾಡುವ ಉದ್ದೇಶ ನನಗಿಲ್ಲ. ತೂಗಾಡುವ ವೈರುಗಳ ಕೆಳಗೆ ನಿಂತು ಹೊಗಳುವುದು ಕಷ್ಟ. ಆದರೆ ಅಲ್ಲಿ ಮೀನು ಮಾರುವವನನ್ನು ಎಷ್ಟು ಹೊತ್ತು ವ್ಯಾಪಾರ ನಿಂತರೆ ತಾಳಬಲ್ಲೆ ಎಂದು ಕೇಳಿದರೆ ಅವನು ‘ನಿರಂತರ’ ಎನ್ನುವುದಿಲ್ಲ. ಬುಟ್ಟಿಯಲ್ಲಿ ಐಸು ಎಷ್ಟು ಉಳಿದಿದೆ ಎಂದು ಬಗ್ಗಿ ನೋಡುತ್ತಾನೆ.